ಓದುಗರ ಪ್ರಶ್ನೆಗಳು: ಮನೆಯ ಸ್ಟೀರಿಯೊ ಕಟ್ಟುವುದು, ಸುಧಾರಿಸುವುದು

ಹೈ-ಫೈ ಸ್ಟೀರಿಯೊ ಕುರಿತು ಬಂದಿರುವ ಪ್ರಶ್ನೆಗಳಲ್ಲಿ ಕೆಲವನ್ನು ಈ ಬಾರಿ ಉತ್ತರಕ್ಕೆ ಎತ್ತಿಕೊಂಡಿದ್ದೇವೆ. ಒಂದೇ ಸಂದೇಹವನ್ನು ಹಲವರು ಬರೆದಿದ್ದಲ್ಲಿ ಅವನ್ನು ಒಂದೇ ಪ್ರಶ್ನೆಯಾಗಿ ಸೇರಿಸಲಾಗಿದೆ.

ಪ್ರಶ್ನೆ: ಇದುವರೆಗೆ ಒಂದು ಚಿಕ್ಕ ಬ್ಲೂಟೂತ್ ಸ್ಪೀಕರಿನಲ್ಲೇ ಸಂಗೀತ ಕೇಳುತ್ತಿದ್ದೆ. ಈಗ ಮೊದಲ ಬಾರಿಗೆ ಸ್ಟೀರಿಯೊ ಕೊಳ್ಳಬೇಕೆಂದಿದ್ದೇನೆ. ಇರುವ ಹಣವನ್ನು ಸ್ಪೀಕರ್, ಆಂಪ್ಲಿಫೈಯರ್ ಮತ್ತು ಪ್ಲೇಯರ್‌ಗಳ ನಡುವೆ ಹೇಗೆ ಹಂಚಬೇಕು?

ಉತ್ತರ: ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಸ್ಪೀಕರುಗಳಿಗೆ ಎತ್ತಿಡಿ. ವಿದ್ಯುತ್ತಿನ ಏರಿಳಿತವನ್ನು ಗಾಳಿಯ ಕಂಪನವನ್ನಾಗಿ ಮಾರ್ಪಡಿಸುವುದು ಈ ಇಡೀ ಸರಪಳಿಯಲ್ಲೇ ಅತ್ಯಂತ ಕಠಿಣವಾದ ಕೆಲಸ. ಸಾಧಾರಣ ದರ್ಜೆಯ ಆಂಪ್ಲಿಫೈಯರ್ ಕೂಡ ಸೆಕೆಂಡಿಗೆ 20 ಕಂಪನ, ಅಂದರೆ 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ ಒಂದು ಡೆಸಿಬೆಲ್‌ಗಿಂತ ಕಡಿಮೆ ಏರಿಳಿತದಲ್ಲಿ, ಶೇ 0.1ಕ್ಕೂ ಕಡಿಮೆ ವಿರೂಪದಲ್ಲಿ ಕೆಲಸ ಮಾಡುತ್ತದೆ. ಸ್ಪೀಕರಿನಲ್ಲಾದರೋ 3 ಡೆಸಿಬೆಲ್‌ಗಳಷ್ಟು ಆಚೀಚೆ ಇರುವುದನ್ನೇ ಒಳ್ಳೆಯದೆನ್ನುತ್ತಾರೆ, ಮತ್ತು ಜೋರಾಗಿ ನುಡಿಸಿದಾಗ ಅದರ ಮಂದ್ರ ಭಾಗದ ವಿರೂಪ ಹಲವು ಶೇಕಡಾ ಮುಟ್ಟುತ್ತದೆ. ಎರಡು ಸ್ಪೀಕರುಗಳ ನಡುವಿನ ವ್ಯತ್ಯಾಸವನ್ನು ಯಾರಾದರೂ ಗುರುತಿಸಬಲ್ಲರು. ಒಳ್ಳೆಯ ಎರಡು ಆಂಪ್ಲಿಫೈಯರುಗಳನ್ನು ಅವುಗಳ ಶಕ್ತಿಯ ಮಿತಿಯೊಳಗೆ, ಸಮಾನ ಮಟ್ಟದಲ್ಲಿ ನುಡಿಸಿದಾಗ ಬೇರ್ಪಡಿಸಿ ಹೇಳುವುದು ಪಳಗಿದ ಕಿವಿಗೂ ಕಷ್ಟ.

ಯಾವ ಸ್ಪೀಕರ್ ಒಳ್ಳೆಯದು ಎಂಬುದು ಬರಿಯ ರುಚಿಯ ಮಾತಲ್ಲ. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ಧ್ವನಿವಿಜ್ಞಾನಿ ಫ್ಲಾಯ್ಡ್ ಟೂಲ್ ಆರಂಭಿಸಿ, ಮುಂದೆ ಆಡಿಯೊ ಉಪಕರಣ ತಯಾರಿಸುವ ಹಾರ್ಮನ್ ಸಂಸ್ಥೆಯಲ್ಲಿ ಸೀನ್ ಆಲಿವ್ ಅವರೊಡನೆ ಮುಂದುವರಿಸಿದ ಆಲಿಕೆಯ ಪರೀಕ್ಷೆಗಳಲ್ಲಿ, ಎದುರಿಗಿರುವುದು ಯಾವ ಸ್ಪೀಕರ್ ಎಂದು ತಿಳಿಯದಿದ್ದಾಗ ಬಹುಪಾಲು ಜನ ಒಂದೇ ಬಗೆಯದನ್ನು ಮೆಚ್ಚಿದರು: ನೇರ ಮುಂದಕ್ಕೆ ಬರುವ ಧ್ವನಿ ಎಲ್ಲ ಕಂಪನಾಂಕಗಳಲ್ಲೂ ಸಮವಾಗಿರುವ, ಪಕ್ಕಗಳಿಗೆ ಹರಡುವ ಧ್ವನಿ ಎಲ್ಲಿಯೂ ಮುಗ್ಗರಿಸದೆ ನಯವಾಗಿ ಇಳಿಯುವ ಸ್ಪೀಕರ್. ಅದೇ ಸ್ಪೀಕರುಗಳನ್ನು ಕಣ್ಣಿಗೆ ಕಾಣುವಂತೆ ಇಟ್ಟಾಗ ಅಂಕಗಳು ಬದಲಾದವು ಎಂಬುದನ್ನು ಅವರಿಬ್ಬರೂ 1994ರಲ್ಲಿ ಪ್ರಕಟಿಸಿದರು. ಆದ್ದರಿಂದ ಕೊಳ್ಳುವ ಮುನ್ನ ಆ ಮಾದರಿಯ ಅಳತೆಯ ನಕ್ಷೆಗಳನ್ನು ಹುಡುಕಿ ನೋಡಿ, ಚೆನ್ನಾಗಿ ಬಲ್ಲ ಧ್ವನಿಮುದ್ರಣಗಳನ್ನು ಒಯ್ದು ಕೇಳಿ. ಮನುಷ್ಯನ ಕಂಠವಿರುವ ಮುದ್ರಣ ಒಂದಾದರೂ ಇರಲಿ, ಏಕೆಂದರೆ ಕಂಠದಲ್ಲಿನ ಅಸಹಜತೆಯನ್ನು ನಮ್ಮ ಕಿವಿ ಬಲು ಬೇಗ ಹಿಡಿಯುತ್ತದೆ. ಆಂಪ್ಲಿಫೈಯರ್ ಒಳಗೇ ಇರುವ ಆಕ್ಟಿವ್ ಸ್ಪೀಕರುಗಳನ್ನೂ ಪರಿಗಣಿಸಿ. ಮೊದಲ ವ್ಯವಸ್ಥೆಗೆ ಅವು ಅತ್ಯುತ್ತಮ ದಾರಿಯೆಂದು ನಾವು ನಂಬುತ್ತೇವೆ, ಏಕೆಂದರೆ ಮುಂದಿನ ಪ್ರಶ್ನೆಯಲ್ಲಿ ಬರುವ ಹೊಂದಾಣಿಕೆಯ ಲೆಕ್ಕವನ್ನೆಲ್ಲ ತಯಾರಕರೇ ಮುಗಿಸಿರುತ್ತಾರೆ.

ಪ್ರಶ್ನೆ: ನನ್ನಲ್ಲಿ 50 ವ್ಯಾಟ್‌ನ ಆಂಪ್ಲಿಫೈಯರ್ ಇದೆ. 100 ವ್ಯಾಟ್‌ನದನ್ನು ತಂದರೆ ಧ್ವನಿ ಇಮ್ಮಡಿಯಾಗುವುದೇ?

ಉತ್ತರ: ಇಲ್ಲ. ಶಕ್ತಿ ಇಮ್ಮಡಿಯಾದರೆ ಧ್ವನಿಯ ಮಟ್ಟ 3 ಡೆಸಿಬೆಲ್ ಮಾತ್ರ ಏರುತ್ತದೆ, ಅಂದರೆ ಗಮನಿಸಿದರೆ ತಿಳಿಯುವಷ್ಟು. ಕಿವಿಗೆ ಧ್ವನಿ ಎರಡರಷ್ಟಾಯಿತು ಎನಿಸಲು ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು.

ವ್ಯಾಟ್‌ಗಿಂತ ಮೊದಲು ನೋಡಬೇಕಾದದ್ದು ನಿಮ್ಮ ಸ್ಪೀಕರಿನ ಸಂವೇದನೆಯನ್ನು. ಒಂದು ಮೀಟರ್ ದೂರದಲ್ಲಿ, 2.83 ವೋಲ್ಟ್ ಕೊಟ್ಟಾಗ ಎಷ್ಟು ಡೆಸಿಬೆಲ್ ಧ್ವನಿ ಬರುತ್ತದೆ ಎಂಬುದನ್ನು ಅದು ಹೇಳುತ್ತದೆ. ವಿದ್ಯುತ್ತಿಗೆ 8 ಓಮ್ ತಡೆ ಒಡ್ಡುವ ಸ್ಪೀಕರಿಗೆ ಅದು ಸರಿಯಾಗಿ ಒಂದು ವ್ಯಾಟ್. ನಿಮ್ಮದು 87 ಡೆಸಿಬೆಲ್‌ನದು, ನೀವು ಕೂರುವುದು 3 ಮೀಟರ್ ದೂರದಲ್ಲಿ ಎಂದಿಟ್ಟುಕೊಳ್ಳಿ. ಬಯಲಿನಲ್ಲಾದರೆ ಆ ದೂರಕ್ಕೆ ಸುಮಾರು 9.5 ಡೆಸಿಬೆಲ್ ನಷ್ಟವಾಗುತ್ತದೆ. ಕೋಣೆಯಲ್ಲಿ ಗೋಡೆಗಳ ಪ್ರತಿಫಲನವೂ ಎರಡನೆಯ ಸ್ಪೀಕರಿನ ಕೊಡುಗೆಯೂ ಸೇರಿ ಅದರ ಅರ್ಧದಷ್ಟು ಮರಳಿ ಬಂದರೆ, ಒಂದೊಂದು ಸ್ಪೀಕರಿಗೆ ಒಂದು ವ್ಯಾಟ್ ಕೊಟ್ಟಾಗ ನಿಮ್ಮ ಕಿವಿಗೆ 82 ಡೆಸಿಬೆಲ್ ತಲುಪುತ್ತದೆ. ಮನೆಯಲ್ಲಿ ಮನಸ್ಸಿಟ್ಟು ಕೇಳುವ ಸರಾಸರಿ ಮಟ್ಟ 75 ಡೆಸಿಬೆಲ್ ಎಂದುಕೊಂಡರೆ, ಅದಕ್ಕೆ ವ್ಯಾಟ್‌ನ ಐದನೆಯ ಒಂದು ಭಾಗ ಸಾಕು! ಆದರೆ ಒಳ್ಳೆಯ ಧ್ವನಿಮುದ್ರಣದಲ್ಲಿ ತಬಲಾದ ಒಂದು ಪೆಟ್ಟು, ಪಿಯಾನೊದ ಒಂದು ಒತ್ತು ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಚಿಮ್ಮಬಹುದು, ಆ ಕ್ಷಣಕ್ಕೆ 20 ವ್ಯಾಟ್ ಬೇಕಾಗುತ್ತದೆ. ಈ ಲೆಕ್ಕದಲ್ಲಿ ನಿಮ್ಮ 50 ವ್ಯಾಟ್ ಧಾರಾಳವಾಗಿದೆ. ಸ್ಪೀಕರ್ 81 ಡೆಸಿಬೆಲ್‌ನದಾಗಿದ್ದರೆ ಅದೇ ಪೆಟ್ಟಿಗೆ 80 ವ್ಯಾಟ್ ಬೇಕು, ಆಗ ನಿಮ್ಮ ಯೋಚನೆ ಸರಿ.

ಇನ್ನೊಂದು ಎಚ್ಚರ ಅಗತ್ಯ. 4 ಓಮ್ ಸ್ಪೀಕರ್ 2.83 ವೋಲ್ಟ್‌ಗೆ ಎರಡು ವ್ಯಾಟ್ ಎಳೆದುಕೊಳ್ಳುವುದರಿಂದ ಅದರ ಸಂವೇದನೆಯ ಅಂಕಿ ಕಾಗದದ ಮೇಲೆ 3 ಡೆಸಿಬೆಲ್ ಹಿಗ್ಗಿ ಕಾಣುತ್ತದೆ. 8 ಓಮ್ ಎಂದು ಬರೆದಿರುವ ಎಷ್ಟೋ ಸ್ಪೀಕರುಗಳು ಕೆಲವು ಕಂಪನಾಂಕಗಳಲ್ಲಿ 4 ಓಮ್‌ನ ಹತ್ತಿರಕ್ಕೆ ಇಳಿಯುತ್ತವೆ. ಆದ್ದರಿಂದ 8 ಓಮ್‌ಗೆ 50 ವ್ಯಾಟ್ ಕೊಟ್ಟು, 4 ಓಮ್‌ಗೆ 80–90 ವ್ಯಾಟ್ ಕೊಡಬಲ್ಲ ಆಂಪ್ಲಿಫೈಯರ್, 8 ಓಮ್‌ಗೆ ಮಾತ್ರ 100 ವ್ಯಾಟ್ ಹೇಳಿ 4 ಓಮ್ ಬಗ್ಗೆ ಮೌನವಾಗಿರುವುದಕ್ಕಿಂತ ನಂಬಿಕೆಗೆ ಅರ್ಹ.

ಪ್ರಶ್ನೆ: ನನ್ನ ಕೋಣೆ 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರ ಇದೆ. ಸ್ಪೀಕರುಗಳನ್ನು ಮೂಲೆಗಳಲ್ಲಿ ಇಟ್ಟಿದ್ದೇನೆ, ಸೋಫಾ ಎದುರಿನ ಗೋಡೆಗೆ ಒರಗಿದೆ. ಬಾಸ್‌ನ, ಎಂದರೆ ಮಂದ್ರದ, ಕೆಲವು ಸ್ವರಗಳು ಗುಂಯ್ಗುಡುತ್ತವೆ, ಕೆಲವು ಕೇಳಿಸುವುದೇ ಇಲ್ಲ. ಎದ್ದು ಕೋಣೆಯ ನಡುವೆ ನಿಂತರೆ ಬಾಸ್ ಮಾಯವಾಗುತ್ತದೆ. ಸ್ಪೀಕರ್ ಬದಲಿಸಬೇಕೇ?

ಉತ್ತರ: ಬೇಡ. ನಿಮ್ಮ ದೂರು ಸ್ಪೀಕರಿನದಲ್ಲ, ಕೋಣೆಯದು. ಇಂಥ ಪತ್ರಗಳೇ ನಮಗೆ ಹೆಚ್ಚಾಗಿ ಬರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇವೆ.

ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಎದುರುಬದುರಿನ ಎರಡು ಗೋಡೆಗಳ ನಡುವಿನ ದೂರ ಯಾವ ಸ್ವರದ ತರಂಗದೂರದ ಅರ್ಧಕ್ಕೆ ಸಮನಾಗುತ್ತದೋ, ಆ ಸ್ವರ ಗೋಡೆಗಳ ನಡುವೆ ನಿಂತು ಅನುನಾದಗೊಳ್ಳುತ್ತದೆ. 343 ಅನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ಕಂಪನಾಂಕ ಸಿಗುತ್ತದೆ. ನಿಮ್ಮ ಕೋಣೆಯಲ್ಲಿ ಉದ್ದಕ್ಕೆ ಸುಮಾರು 43 ಹರ್ಟ್ಜ್, ಅಗಲಕ್ಕೆ 57 ಹರ್ಟ್ಜ್, ಎತ್ತರಕ್ಕೂ 57 ಹರ್ಟ್ಜ್. ಅಗಲ ಮತ್ತು ಎತ್ತರ ಒಂದೇ ಆಗಿರುವುದರಿಂದ ಎರಡು ಅನುನಾದಗಳು ಒಂದರ ಮೇಲೊಂದು ಕುಳಿತಿವೆ. ನೀವು ಹೇಳುವ ಗುಂಯ್‌ಗುಡುವಿಕೆ ಬಹುತೇಕ ಅಲ್ಲಿಯದು. ಈ ಅಲೆಗಳ ಒತ್ತಡ ಗೋಡೆಯ ಬಳಿ ಅತಿ ಹೆಚ್ಚು, ಮೂಲೆಯಲ್ಲಿ ಇನ್ನೂ ಹೆಚ್ಚು, ಕೋಣೆಯ ನಟ್ಟನಡುವೆ ಶೂನ್ಯದ ಹತ್ತಿರ. ಮೂಲೆಯಲ್ಲಿಟ್ಟ ಸ್ಪೀಕರ್ ಎಲ್ಲ ಅನುನಾದಗಳನ್ನೂ ಒಟ್ಟಿಗೆ ಕೆರಳಿಸುತ್ತದೆ, ಗೋಡೆಗೆ ತಲೆಯೊರಗಿಸಿದವರು ಅವೆಲ್ಲವನ್ನೂ ಪೂರ್ತಿಯಾಗಿ ಕೇಳುತ್ತಾರೆ, ನಡುವೆ ನಿಂತವರಿಗೆ ಏನೂ ಕೇಳಿಸುವುದಿಲ್ಲ. ನೀವು ಗಮನಿಸಿದ್ದು ಅಕ್ಷರಶಃ ಸರಿ.

ಮೊದಲು ಸೋಫಾವನ್ನು ಮುಂದೆ ಎಳೆಯಿರಿ. ಹಿಂಬದಿಯ ಗೋಡೆಯಿಂದ ಕೋಣೆಯ ಉದ್ದದ ಶೇ 38ರಷ್ಟು, ಎಂದರೆ ನಿಮ್ಮಲ್ಲಿ ಸುಮಾರು ಒಂದೂವರೆ ಮೀಟರ್ ಮುಂದೆ, ಕಿವಿ ಇರುವಂತೆ ಕೂರುವುದು ಪ್ರಯೋಗ ಶುರುಮಾಡಲು ತಕ್ಕ ಜಾಗ. ಅಷ್ಟು ಜಾಗ ಬಿಡಲಾಗದಿದ್ದರೆ ಅರ್ಧ ಮೀಟರ್ ಮುಂದೆ ಬಂದರೂ ವ್ಯತ್ಯಾಸ ತಿಳಿಯುತ್ತದೆ. ಸ್ಪೀಕರುಗಳನ್ನು ಮೂಲೆಯಿಂದ ಹೊರತೆಗೆದು, ಅವುಗಳ ಹಿಂದಿನ ಗೋಡೆಯಿಂದ ಮುಖ 70 ಸೆಂಟಿಮೀಟರ್, ಪಕ್ಕದ ಗೋಡೆಯಿಂದ ನಡುಗೆರೆ 60 ಸೆಂಟಿಮೀಟರ್ ಬರುವಂತೆ ಇಡಿ. ಆಗ ಅವುಗಳ ನಡುವೆ 1.8 ಮೀಟರ್ ಉಳಿಯುತ್ತದೆ, ನಿಮ್ಮ ತಲೆಗೂ ಅವಕ್ಕೂ ಇರುವ ದೂರವೂ ಹೆಚ್ಚುಕಡಿಮೆ ಅಷ್ಟೇ ಆಗಿ ಸಮಬಾಹು ತ್ರಿಕೋನವೊಂದು ಮೂಡುತ್ತದೆ. ತಾರಸ್ವರಗಳನ್ನು ನುಡಿಸುವ ಚಿಕ್ಕ ಘಟಕವಾದ ಟ್ವೀಟರ್ ಕಿವಿಯ ಎತ್ತರಕ್ಕಿರಲಿ.

ಸ್ಪೀಕರಿನ ಹಿಂದಿನ ಗೋಡೆಯ ದೂರ ಇನ್ನೊಂದು ಕಾರಣಕ್ಕೂ ಮುಖ್ಯ. ಗೋಡೆಗೆ ಬಡಿದು ಮರಳುವ ಅಲೆ, ಆ ದೂರ ತರಂಗದೂರದ ಕಾಲು ಭಾಗವಾಗಿರುವ ಸ್ವರದಲ್ಲಿ, ಮುಂದಕ್ಕೆ ಹೊರಟ ಅಲೆಯನ್ನು ಅಳಿಸಿಹಾಕುತ್ತದೆ. 70 ಸೆಂಟಿಮೀಟರಿಗೆ ಆ ತಗ್ಗು ಸುಮಾರು 122 ಹರ್ಟ್ಜ್‌ನಲ್ಲಿ ಬೀಳುತ್ತದೆ. ಹಿಂದಿನ ಗೋಡೆ, ಪಕ್ಕದ ಗೋಡೆ, ನೆಲ ಈ ಮೂರಕ್ಕೂ ಮಂದ್ರಸ್ವರಗಳನ್ನು ನುಡಿಸುವ ವೂಫರಿನಿಂದ ಒಂದೇ ದೂರವಿದ್ದರೆ ಮೂರು ತಗ್ಗುಗಳು ಒಂದೇ ಕಡೆ ಸೇರಿ ದೊಡ್ಡ ಗುಂಡಿಯಾಗುತ್ತದೆ. ಆದ್ದರಿಂದ ಮೂರು ದೂರಗಳೂ ಬೇರೆಬೇರೆಯಾಗಿರುವಂತೆ ನೋಡಿಕೊಳ್ಳಿ, ಹತ್ತು ಸೆಂಟಿಮೀಟರ್ ಸರಿಸುತ್ತ ಒಂದೇ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿ. ಸಾಧ್ಯವಿದ್ದರೆ ಅಳತೆಗೆಂದೇ ಮಾಡಿದ ಸಾಧಾರಣ ಯುಎಸ್‌ಬಿ ಮೈಕ್ರೊಫೋನ್ ಒಂದನ್ನು ಕೊಂಡು, ಉಚಿತವಾಗಿ ದೊರೆಯುವ ರೂಮ್ ಇಕ್ಯು ವಿಝರ್ಡ್ ತಂತ್ರಾಂಶದಲ್ಲಿ ಕೋಣೆಯ ಧ್ವನಿಯ ನಕ್ಷೆ ತೆಗೆಯಿರಿ. ಸ್ಟೀರಿಯೊಗಾಗಿ ಮಾಡಬಹುದಾದ ಖರ್ಚುಗಳಲ್ಲಿ ಇದಕ್ಕಿಂತ ಸಾರ್ಥಕವಾದುದು ಇನ್ನೊಂದಿಲ್ಲ ಎಂದೇ ನಮ್ಮ ಅಭಿಪ್ರಾಯ.

ಸ್ಥಳ ಹೊಂದಿಸಿದ ಮೇಲೂ ಉಳಿಯುವ ಉಬ್ಬುಗಳನ್ನು, ಒಂದೊಂದು ಕಂಪನಾಂಕದ ಮಟ್ಟವನ್ನು ಬೇರೆಬೇರೆಯಾಗಿ ಏರಿಳಿಸುವ ಈಕ್ವಲೈಜರ್‌ನಿಂದ ಇಳಿಸಬಹುದು. ತಗ್ಗುಗಳನ್ನು ಮಾತ್ರ ಅದರಿಂದ ತುಂಬಿಸಲು ಹೋಗಬೇಡಿ. ಅಲೆಗಳು ಒಂದನ್ನೊಂದು ಅಳಿಸುವ ಕಡೆ ಎಷ್ಟು ಶಕ್ತಿ ಸುರಿದರೂ ಅದು ಅಷ್ಟೇ ಅಳಿಯುತ್ತದೆ, ವೂಫರ್ ಮಾತ್ರ ದಣಿಯುತ್ತದೆ. ಪರದೆ ಮತ್ತು ತೆಳು ನೊರೆಹಲಗೆಗಳು (ಫೋಮ್) ಬಾಸ್‌ಗೆ ಏನನ್ನೂ ಮಾಡವು. 57 ಹರ್ಟ್ಜ್‌ನ ತರಂಗದೂರ 6 ಮೀಟರ್, ಅದನ್ನು ಎರಡು ಇಂಚಿನ ನೊರೆ ಹೀರುವುದಾದರೂ ಹೇಗೆ? ಅವು ತಾರಸ್ವರಗಳನ್ನಷ್ಟೇ ಹೀರಿ, ಬಾಸ್ ಹಾಗೇ ಉಳಿದ ಮಂಕಾದ ಕೋಣೆಯನ್ನು ಕೊಡುತ್ತವೆ. ಬಾಸ್‌ಗೆ ಬೇಕಾದದ್ದು ಮೂಲೆಗಳಲ್ಲಿ ನಿಲ್ಲಿಸಿದ, ಒಂದಡಿಯಾದರೂ ದಪ್ಪವಿರುವ ಗಾಜಿನ ಉಣ್ಣೆಯ ಇಲ್ಲವೇ ಖನಿಜ ಉಣ್ಣೆಯ ಕಂಬಗಳು. ಸ್ಪೀಕರಿಗೂ ಆಸನಕ್ಕೂ ನಡುವೆ ಬರಿನೆಲವಿದ್ದರೆ ದಪ್ಪ ರತ್ನಗಂಬಳಿಯೊಂದನ್ನು ಹಾಸಿ, ಅದು ಬೇರೆಯದೇ ಕಾರಣಕ್ಕೆ, ನೆಲದ ಪ್ರತಿಫಲನವನ್ನು ತಗ್ಗಿಸಲು, ಒಳ್ಳೆಯದು.

ಪ್ರಶ್ನೆ: ಚಿಕ್ಕ ಸ್ಪೀಕರುಗಳಿಗೆ, ಮಂದ್ರಸ್ವರಗಳಿಗೆಂದೇ ಇರುವ ಸಬ್‌ವೂಫರ್ ಸೇರಿಸುವುದು ಸಂಗೀತಕ್ಕೆ ಸರಿಯೇ, ಅದು ಸಿನಿಮಾಕ್ಕೆ ಮಾತ್ರವೇ?

ಉತ್ತರ: ಸಂಗೀತಕ್ಕೂ ಸರಿ. ಸ್ವರಗಳನ್ನು ಎರಡಕ್ಕೂ ಹಂಚುವ ಗಡಿಯಾದ ಕ್ರಾಸ್‌ಓವರನ್ನು 80 ಹರ್ಟ್ಜ್‌ನ ಆಸುಪಾಸಿನಲ್ಲಿಟ್ಟು, ಅದರ ಕೆಳಗಿನ ಸ್ವರಗಳು ಚಿಕ್ಕ ಸ್ಪೀಕರಿಗೆ ಹೋಗದಂತೆ ತಡೆದರೆ ಅದರ ಕೋನ್ (ಕಂಪಿಸುವ ಪೊರೆ) ಹಗುರಾಗಿ ಮಧ್ಯಮ ಸ್ವರಗಳೂ ತಿಳಿಯಾಗುತ್ತವೆ. ಜಾಗ ಹುಡುಕಲು ಹಳೆಯದೊಂದು ವಿಧಾನವಿದೆ: ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲೇ ಇಟ್ಟು ಬಾಸ್ ತುಂಬಿದ ಸಂಗೀತವನ್ನು ನುಡಿಸಿ, ಗೋಡೆಗಳುದ್ದಕ್ಕೂ ತಲೆ ತಗ್ಗಿಸಿ ನಡೆಯಿರಿ. ಎಲ್ಲಿ ಎಲ್ಲ ಸ್ವರಗಳೂ ಸಮವಾಗಿ ಕೇಳುತ್ತವೋ ಅಲ್ಲಿ ಅದನ್ನು ಇಡಿ. ಅದು ಇದೆಯೆಂದು ಬೇರೆಯಾಗಿ ತಿಳಿಯುತ್ತಿದ್ದರೆ ಮಟ್ಟ ಹೆಚ್ಚಾಗಿದೆ ಎಂದರ್ಥ.

ಪ್ರಶ್ನೆ: ದುಬಾರಿ ಸ್ಪೀಕರ್ ಕೇಬಲ್ ಅಗತ್ಯವೇ?

ಉತ್ತರ: ಅಗತ್ಯವಿಲ್ಲ. 2.5 ಚದರ ಮಿಲಿಮೀಟರ್ ಅಡ್ಡಕೊಯ್ತದ ಸಾದಾ ತಾಮ್ರದ ತಂತಿ 5 ಮೀಟರ್ ದೂರಕ್ಕೆ, ಹೋಗಿಬರುವ ಎರಡೂ ಎಳೆ ಸೇರಿ, ಸುಮಾರು 0.07 ಓಮ್ ರೋಧ ಒಡ್ಡುತ್ತದೆ. 8 ಓಮ್ ಸ್ಪೀಕರಿಗೆ ಅದು ಶೇ 1ಕ್ಕೂ ಕಡಿಮೆ. ತುದಿಗಳು ಬಿಗಿಯಾಗಿ, ತುಕ್ಕಿಲ್ಲದೆ ಇರುವುದು, ಧನ-ಋಣಗಳು ಎರಡೂ ಸ್ಪೀಕರುಗಳಲ್ಲಿ ಒಂದೇ ಕ್ರಮದಲ್ಲಿರುವುದು ಇದಕ್ಕಿಂತ ಎಷ್ಟೋ ಮುಖ್ಯ. ಒಂದರಲ್ಲಿ ತಿರುಗುಮುರುಗಾದರೂ ಬಾಸ್ ಕರಗಿ, ನಡುವೆ ನಿಲ್ಲಬೇಕಾದ ಗಾಯಕರ ಕಂಠ ಚದುರಿಹೋಗುತ್ತದೆ.

ಪ್ರಶ್ನೆ: ತಂದೆಯವರ ಕಾಲದ ಸುಮಾರು 30 ವರ್ಷ ಹಳೆಯ ಆಂಪ್ಲಿಫೈಯರ್ ಮತ್ತು ಸ್ಪೀಕರುಗಳಿವೆ. ವಾಲ್ಯೂಮ್ ತಿರುಗಿಸಿದಾಗ ಚರಚರ ಸದ್ದು, ಒಂದು ಕಡೆಯ ಧ್ವನಿ ಆಗಾಗ ಹೋಗುತ್ತದೆ, ಜೋರು ಮಾಡಿದರೆ ಮರಳುತ್ತದೆ. ವೂಫರಿನ ಅಂಚು ಪುಡಿಯಾಗಿದೆ. ಉಳಿಸಿಕೊಳ್ಳಬಹುದೇ?

ಉತ್ತರ: ಖಂಡಿತ ಉಳಿಸಿಕೊಳ್ಳಿ. ನೀವು ಹೇಳಿದ ಮೂರೂ ರೋಗಗಳು ವಯಸ್ಸಿನವು, ಮೂರಕ್ಕೂ ಮದ್ದಿದೆ. ಚರಚರ ಸದ್ದು ವಾಲ್ಯೂಮ್ ಕಂಟ್ರೋಲಿನ ಒಳಗೆ ಕುಳಿತ ಧೂಳು ಮತ್ತು ಕಿಲುಬಿನದು. ತಂತ್ರಜ್ಞರು ಅದಕ್ಕೆಂದೇ ಇರುವ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹಲವು ಬಾರಿ ತಿರುಗಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಕಡಿಮೆ ಮಟ್ಟದಲ್ಲಿ ಒಂದು ಕಡೆ ಮೌನವಾಗಿ, ಜೋರಾದಾಗ ಮರಳುವುದು ಸ್ಪೀಕರನ್ನು ಕಾಯುವ ರಿಲೇಯ (ತಾನಾಗಿ ಕೆಲಸ ಮಾಡುವ ಸ್ವಿಚ್ಚಿನ) ಸಂಪರ್ಕಗಳು ಕರಿಗಟ್ಟಿದಾಗಿನ ಲಕ್ಷಣ. ರಿಲೇ ಬದಲಿಸುವುದು ತಂತ್ರಜ್ಞರಿಗೆ ಚಿಕ್ಕ ಕೆಲಸ. ಅವರು ಪೆಟ್ಟಿಗೆ ತೆರೆದಾಗಲೇ ವಿದ್ಯುತ್ತನ್ನು ಕೂಡಿಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನೂ ಪರೀಕ್ಷಿಸಲಿ, ಇಷ್ಟು ವರ್ಷಗಳಲ್ಲಿ ಅವುಗಳ ಒಳಗಿನ ದ್ರವ ಒಣಗಿರುವ ಸಂಭವವಿದೆ. ನೀವೇ ತೆರೆಯಬೇಡಿ, ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ದುರಸ್ತಿಯಾಗಿ ಬಂದ ಮೇಲೆ, ಸ್ಪೀಕರ್ ಜೋಡಿಸುವ ಮುನ್ನ, ಸಂಗೀತ ನುಡಿಸದೆ ಸ್ಪೀಕರ್ ಟರ್ಮಿನಲ್‌ಗಳ ನಡುವೆ ಮಲ್ಟಿಮೀಟರಿನಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟ್‌ಗಿಂತ ಕಡಿಮೆ ಇದ್ದರೆ ನಿಶ್ಚಿಂತೆ. ನೂರಾರು ಮಿಲಿವೋಲ್ಟ್ ತೋರಿಸಿದರೆ ಮರಳಿ ಕಳುಹಿಸಿ. ವೂಫರಿನ ನೊರೆಯ ಅಂಚು ಹತ್ತು ಹದಿನೈದು ವರ್ಷಗಳಲ್ಲಿ ಪುಡಿಯಾಗುವುದು ಸಹಜ. ಅಳತೆಗೆ ಸರಿಹೊಂದುವ ಹೊಸ ಅಂಚನ್ನು ಅಂಟಿಸಬಹುದು, ಆದರೆ ಕೋನನ್ನು ಕದಲಿಸುವ ತಂತಿಸುರುಳಿ, ವಾಯ್ಸ್ ಕಾಯಿಲ್, ನಡುವಿನಿಂದ ಸರಿಯದಂತೆ ಅಂಟಿಸುವುದರಲ್ಲೇ ಕೌಶಲವಿದೆ. ಅಂಚು ಹೋದ ವೂಫರನ್ನು ಅಲ್ಲಿಯವರೆಗೆ ನುಡಿಸಬೇಡಿ.

ಪ್ರಶ್ನೆ: ಹೊಸ ಟರ್ನ್‌ಟೇಬಲನ್ನು ಆಂಪ್ಲಿಫೈಯರಿನ ಆಕ್ಸ್ ಕಿಂಡಿಗೆ ಸಿಕ್ಕಿಸಿದ್ದೇನೆ. ಧ್ವನಿ ಬಹಳ ಕ್ಷೀಣ, ಬಾಸ್ ಇಲ್ಲವೇ ಇಲ್ಲ. ರೆಕಾರ್ಡ್ ಕೆಟ್ಟಿದೆಯೇ?

ಉತ್ತರ: ರೆಕಾರ್ಡ್ ಚೆನ್ನಾಗಿದೆ, ನಡುವೆ ಇರಬೇಕಾದ ಫೋನೊ ಪ್ರಿಆಂಪ್ ಇಲ್ಲ. ಮುಳ್ಳಿನ ಕಂಪನವನ್ನು ವಿದ್ಯುತ್ತಾಗಿಸುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್ ಕೊಡುವುದು ಸುಮಾರು 5 ಮಿಲಿವೋಲ್ಟ್, ಸಿಡಿ ಪ್ಲೇಯರ್ ಕೊಡುವುದು 2 ವೋಲ್ಟ್‌ವರೆಗೆ. ಅದರ ಜೊತೆಗೆ, ಮುಳ್ಳು ಓಡುವ ತೋಡು ಅಗಲವಾಗಿ ಹೊಯ್ದಾಡದಿರಲೆಂದು ರೆಕಾರ್ಡ್ ಕೊರೆಯುವಾಗ ಬಾಸನ್ನು ತಗ್ಗಿಸಿ, ಮೇಲ್ಮೈಯ ಸದ್ದನ್ನು ಮರೆಸಲೆಂದು ತಾರಸ್ವರಗಳನ್ನು ಏರಿಸಿರುತ್ತಾರೆ. 1954ರಲ್ಲಿ ಅಮೆರಿಕದ ರೆಕಾರ್ಡ್ ಉದ್ಯಮದ ಸಂಘ ನಿಗದಿಪಡಿಸಿದ ಆರ್‌ಐಎಎ ವಕ್ರರೇಖೆಯ ಪ್ರಕಾರ ಎರಡೂ ತುದಿಗಳಲ್ಲಿ ಈ ವ್ಯತ್ಯಾಸ ಸುಮಾರು 20 ಡೆಸಿಬೆಲ್. ಪ್ರಿಆಂಪ್ ಸಂಕೇತವನ್ನು ನೂರು ಪಟ್ಟಿನಷ್ಟು ವರ್ಧಿಸುವುದರ ಜೊತೆಗೆ ಈ ರೇಖೆಯನ್ನು ತಿರುಗಿಸಿ ಮೂಲ ಸಮತೋಲವನ್ನು ಮರಳಿಸುತ್ತದೆ. ನಿಮ್ಮ ಆಂಪ್ಲಿಫೈಯರಿನಲ್ಲಿ ಫೋನೊ ಎಂದು ಬರೆದ ಕಿಂಡಿ ಇದ್ದರೆ ಅದಕ್ಕೆ ಬದಲಿಸಿ, ಇಲ್ಲದಿದ್ದರೆ ಪ್ರತ್ಯೇಕ ಪ್ರಿಆಂಪ್ ತನ್ನಿ. ಟರ್ನ್‌ಟೇಬಲಿನ ಹಿಂದೆ ಫೋನೊ-ಲೈನ್ ಗುಂಡಿಯಿದೆಯೇ ಎಂದು ಮೊದಲು ನೋಡಿ; ಇದ್ದರೆ ಪ್ರಿಆಂಪ್ ಅದರೊಳಗೇ ಇದೆ, ಗುಂಡಿಯನ್ನು ಲೈನ್‌ಗೆ ಹಾಕಿದರೆ ಸಾಕು.

ತೆಳ್ಳನೆಯ ಅರ್ತ್ ತಂತಿಯನ್ನು ಆಂಪ್ಲಿಫೈಯರಿನ ಅರ್ತ್ ತಿರುಪಿಗೆ ಬಿಗಿಯದಿದ್ದರೆ ಗುಂಯ್ ಎಂಬ ನಿರಂತರ ಸದ್ದು ಬರುತ್ತದೆ. ಮುಳ್ಳಿನ ಭಾರವನ್ನು ಕಾರ್ಟ್ರಿಡ್ಜ್ ತಯಾರಕರು ಹೇಳಿದಷ್ಟಕ್ಕೇ, ಸಾಮಾನ್ಯವಾಗಿ 1.5ರಿಂದ 2 ಗ್ರಾಂ ನಡುವೆ, ಚಿಕ್ಕ ತಕ್ಕಡಿಯಿಂದ ತೂಗಿ ಇಡಿ. ಭಾರ ಕಡಿಮೆಯಾದಷ್ಟೂ ರೆಕಾರ್ಡ್ ಸವೆಯುವುದಿಲ್ಲ ಎಂಬ ನಂಬಿಕೆ ತಪ್ಪು. ಹಗುರಾದ ಮುಳ್ಳು ತೋಡಿನ ಗೋಡೆಗಳ ನಡುವೆ ಕುಣಿದು ಅವನ್ನೇ ಕೆತ್ತುತ್ತದೆ. ಟರ್ನ್‌ಟೇಬಲನ್ನು ಸ್ಪೀಕರುಗಳಿರುವ ಹಲಗೆಯ ಮೇಲೆ ಎಂದಿಗೂ ಇಡಬೇಡಿ.

ಪ್ರಶ್ನೆ: ಸಿಡಿ ಗುಣಮಟ್ಟದ ಫೈಲುಗಳನ್ನು ಸಾಧಾರಣ ಡ್ಯಾಕ್ (ಡಿಜಿಟಲ್ ಅಂಕಿಗಳನ್ನು ಧ್ವನಿಯ ವಿದ್ಯುತ್ ಸಂಕೇತವಾಗಿಸುವ ಸಾಧನ) ಮೂಲಕ ಕೇಳುತ್ತಿದ್ದೇನೆ. ಹತ್ತು ಪಟ್ಟು ಬೆಲೆಯ ಡ್ಯಾಕ್ ತಂದ ಗೆಳೆಯ, ಮುಸುಕೊಂದು ಸರಿದಂತಾಯಿತು ಎನ್ನುತ್ತಾನೆ. ಕೊಳ್ಳಬೇಕೇ?

ಉತ್ತರ: ಫಿಲಿಪ್ಸ್ ಮತ್ತು ಸೋನಿ ಸೇರಿ ರೂಪಿಸಿ 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ, ಸೆಕೆಂಡಿಗೆ 44,100 ಬಾರಿ 16 ಬಿಟ್‌ಗಳಲ್ಲಿ ಧ್ವನಿಯನ್ನು ದಾಖಲಿಸುತ್ತದೆ. 22,050 ಹರ್ಟ್ಜ್‌ವರೆಗಿನ ಸ್ವರಗಳೂ, ಸುಮಾರು 96 ಡೆಸಿಬೆಲ್‌ಗಳ ಏರಿಳಿತವೂ ಅದರಲ್ಲಿ ಹಿಡಿಯುತ್ತವೆ. ಮನುಷ್ಯನ ಕಿವಿಗೆ, ಸಾಮಾನ್ಯ ಮನೆಯ ಸದ್ದಿನ ನಡುವೆ, ಇದು ಸಾಲುತ್ತದೆ. ಇಂದಿನ ಸಾಧಾರಣ ಡ್ಯಾಕ್‌ಗಳೂ ಈ ಕೆಲಸವನ್ನು ಕಿವಿಗೆ ಸಿಗದಷ್ಟು ಅಲ್ಪ ದೋಷದಲ್ಲಿ ಮಾಡುತ್ತವೆ. ಧ್ವನಿಮುದ್ರಣ ಹೇಗಾಗಿದೆ ಎಂಬುದೇ ಫೈಲಿನ ಅಂಕಿಗಳಿಗಿಂತ ಹೆಚ್ಚು ಕೇಳಿಸುತ್ತದೆ.

ಆದರೂ ನಮ್ಮ ಮಾತನ್ನು ನಂಬಬೇಕಾಗಿಲ್ಲ, ಗೆಳೆಯರ ಡ್ಯಾಕನ್ನು ಒಂದು ಸಂಜೆಗೆ ಎರವಲು ತಂದು ಪರೀಕ್ಷಿಸಿ. ತುಸು ಜೋರಾಗಿರುವುದೇ ನಮಗೆ ಹೆಚ್ಚು ಸ್ಪಷ್ಟವೆನಿಸುವುದರಿಂದ ಮಟ್ಟಗಳನ್ನು ಸರಿಗಟ್ಟುವುದು ಮೊದಲ ಕೆಲಸ. ಎರಡರಲ್ಲೂ 200 ಹರ್ಟ್ಜ್‌ನ ಒಂದೇ ಸ್ವರವನ್ನು ನುಡಿಸಿ, ಸ್ಪೀಕರ್ ಟರ್ಮಿನಲ್‌ಗಳಲ್ಲಿ ಎಸಿ ವೋಲ್ಟೇಜ್ ಅಳೆದು, ಶೇ 1ಕ್ಕಿಂತ ಹೆಚ್ಚು ವ್ಯತ್ಯಾಸ ಉಳಿಯದಂತೆ ಹೊಂದಿಸಿ. ಆಮೇಲೆ ನೀವು ಆಂಪ್ಲಿಫೈಯರಿಗೆ ಬೆನ್ನುಹಾಕಿ ಕುಳಿತು, ಗೆಳೆಯರು ನಾಣ್ಯ ಚಿಮ್ಮಿ ಬಂದಂತೆ ಡ್ಯಾಕ್ ಬದಲಿಸುತ್ತ, ಪ್ರತಿ ಬಾರಿ ಯಾವುದು ನುಡಿಯುತ್ತಿದೆ ಎಂದು ಬರೆದಿಡಿ. 16 ಬಾರಿಯಲ್ಲಿ 12 ಅಥವಾ ಹೆಚ್ಚು ಬಾರಿ ಸರಿಯಾಗಿ ಗುರುತಿಸಿದರೆ, ಅದು ಬರಿಯ ಊಹೆಯಿಂದ ಬಂದಿರುವ ಸಂಭವ ಶೇ 4ಕ್ಕಿಂತ ಕಡಿಮೆ; ಆಗ ಸಂಕೋಚವಿಲ್ಲದೆ ಕೊಳ್ಳಿ. ಎಂಟು ಒಂಬತ್ತರ ಆಸುಪಾಸಿನಲ್ಲೇ ನಿಂತರೆ ಆ ಹಣ ಸ್ಪೀಕರುಗಳಿಗೆ ಅಥವಾ ಕೋಣೆಯ ಮೂಲೆಗಳ ಉಣ್ಣೆಯ ಕಂಬಗಳಿಗೆ ಹೋಗಲಿ, ಅಲ್ಲಿನ ವ್ಯತ್ಯಾಸವನ್ನು ಗುರುತಿಸಲು ನಿಮಗೆ ನಾಣ್ಯವೂ ಬೇಕಾಗದು, ಮೀಟರೂ ಬೇಕಾಗದು.